ಅಡಗಿ ಕೂತವರಿಗೆ: ಭಯ, ತಪ್ಪಿನ ಭಾರ, ಶೋಧನೆಯಿಂದ ಹೊರಗೆ ಬರುವ ದಾರಿ

"ಹೇಗಿದ್ದೀರಿ ಬ್ರದರ್?"

"ಸ್ತೋತ್ರ. ದೇವರ ಕೃಪೆಯಿಂದ ಚೆನ್ನಾಗಿದ್ದೀನಿ."

ಆರು ತಿಂಗಳು, ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ನಾನು ಕೊಟ್ಟ ಉತ್ತರ ಇದೇ. ಆ ಆರು ತಿಂಗಳಲ್ಲಿ ಒಂದು ದಿನವೂ ನಾನು ಚೆನ್ನಾಗಿರಲಿಲ್ಲ.

ನಾನು ದಾವಣಗೆರೆಯ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಲೆಕ್ಕ ಬಲ್ಲವನು ಅಂತ ನಮ್ಮ ಸಭೆಯ ಯುವಜನ ಸಂಘದ ಪುಸ್ತಕ, ದುಡ್ಡು ಎರಡನ್ನೂ ನನ್ನ ಕೈಗೇ ಕೊಟ್ಟಿದ್ದರು. ಅದರಲ್ಲಿ 11,000 ರೂಪಾಯಿಯನ್ನು ಮೊಬೈಲಿನಲ್ಲಿ ರಮ್ಮಿ ಆಡಿ ಕಳೆದೆ. ಮೊದಲು 500 ತೆಗೆದೆ, ಗೆದ್ದು ವಾಪಸ್ ಇಡೋಣ ಅಂತ. ಆಮೇಲೆ ಹೋದ 500 ಅನ್ನು ತರೋಣ ಅಂತ 1,000. ಮುಂದಿನದು ನಿಮಗೆ ಗೊತ್ತು.

ನಿಮ್ಮ ಕಥೆ ದುಡ್ಡಿನದ್ದೇ ಆಗಿರಬೇಕಿಲ್ಲ. ಕುಡಿತ ಇರಬಹುದು, ರಾತ್ರಿ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವುದು ಇರಬಹುದು, ಮನೆಯವರಿಗೆ ಹೇಳದ ಒಂದು ಸಂಬಂಧ ಇರಬಹುದು, ಅಣ್ಣತಮ್ಮಂದಿರ ಮೇಲಿನ ಹಳೇ ಹಗೆ ಇರಬಹುದು. ಅಂಥದ್ದೊಂದನ್ನು ಒಳಗೆ ಇಟ್ಟುಕೊಂಡು ಚರ್ಚಿಗೆ ಹೋಗಿ ಬರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಪಾಸ್ಟರ್ ಅಲ್ಲ. ನಡೆದು ಬಂದ ದಾರಿಯನ್ನು ಹೇಳುತ್ತೇನೆ ಅಷ್ಟೇ.

ಶುರು ಮಾಡುವ ಮುಂಚೆ ಬೈಬಲಿನ ಆದಿಕಾಂಡದ 3ನೇ ಅಧ್ಯಾಯವನ್ನು ಒಮ್ಮೆ ಓದಿ. ಐದು ನಿಮಿಷ ಸಾಕು. ಶೋಧನೆ (ಅಂದರೆ ತಪ್ಪಿನ ಕಡೆಗೆ ಎಳೆಯುವ ಸೆಳೆತ), ತಪ್ಪು, ಭಯ ಮೂರೂ ಅಲ್ಲಿ ಸಾಲಾಗಿ ಬರುತ್ತವೆ. ಹಣ್ಣು ಕಣ್ಣಿಗೆ ಚೆಂದ ಕಂಡಿತು, ಆದಾಮ ಹವ್ವ ಇಬ್ಬರೂ ತಿಂದರು. ನಾಚಿಕೆಯಾಯಿತು, ಅಂಜೂರದ ಎಲೆ ಹೊಲಿದು ಸುತ್ತಿಕೊಂಡರು. ದೇವರ ಸಪ್ಪಳ ಕೇಳಿಸಿತು, ಹೆದರಿ ಮರಗಳ ಹಿಂದೆ ಅಡಗಿಕೊಂಡರು. ಆಗ ದೇವರು ಕೇಳಿದ ಮೊದಲ ಮಾತು "ಏನು ಮಾಡಿದೆ?" ಅಂತ ಅಲ್ಲ. "ಎಲ್ಲಿದ್ದೀ?" ಅಂತ. ಎಲ್ಲಿದ್ದಾರೆ ಅಂತ ಆತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮರದ ಹಿಂದಿನಿಂದ ಅವರೇ ಎದ್ದು ಬರಲಿ ಅಂತ ಕೇಳಿದ. ನಾನು ಕೆಳಗೆ ಹೇಳುವ ಹೆಜ್ಜೆಗಳೆಲ್ಲ ಆ ಮರದ ಹಿಂದಿನಿಂದ ಈಚೆಗೆ ಬರುವ ಹೆಜ್ಜೆಗಳು.

ಹೆಜ್ಜೆ 1: ಮೊದಲು ಉಣ್ಣಿ, ಮಲಗಿ

ನಗಬೇಡಿ, ಇದು ಬೈಬಲಿನಲ್ಲಿರುವ ಕ್ರಮವೇ. 1 ಅರಸು 19ರಲ್ಲಿ ಪ್ರವಾದಿ ಎಲೀಯನು ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿಹೋಗುತ್ತಾನೆ. ಗಿಡವೊಂದರ ಕೆಳಗೆ ಕೂತು "ಸಾಕು, ನನ್ನ ಪ್ರಾಣ ತೆಗೆದುಬಿಡು" ಅಂತ ಬೇಡಿಕೊಳ್ಳುತ್ತಾನೆ. ದೇವರು ಉಪದೇಶ ಕಳಿಸಲಿಲ್ಲ. ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು ಕಳಿಸಿದ. ತಿಂದ, ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮುಟ್ಟಿ ಎಬ್ಬಿಸಿ ಮತ್ತೆ ಊಟ ಮಾಡು ಅಂದ. ಮಾತುಕತೆ ಎಲ್ಲ ಆಮೇಲೆ.

ತಪ್ಪಿನ ಭಾರ ಹೊತ್ತವರು ಮೊದಲು ಬಿಡುವುದು ಊಟ, ನಿದ್ದೆ. ಆಮೇಲೆ ರಾತ್ರಿ ಎರಡೂವರೆಗೆ ಎದ್ದು ಕೂತು ಜೀವನದ ದೊಡ್ಡ ತೀರ್ಮಾನ ಮಾಡಲು ಹೊರಡುತ್ತಾರೆ. ಆ ಹೊತ್ತಿನಲ್ಲಿ ಯಾವ ತೀರ್ಮಾನವನ್ನೂ ಮಾಡಬೇಡಿ. ಯೇಸುವಿನ ಶಿಷ್ಯ ಪೇತ್ರನು ನೀರಲ್ಲಿ ಮುಳುಗುವಾಗ ಹೇಳಿದ್ದು ಚಿಕ್ಕ ಪ್ರಾರ್ಥನೆ: "ಸ್ವಾಮೀ, ಕಾಪಾಡು." ಅಷ್ಟು ಹೇಳಿ ಮಲಗಿ. ಉಪವಾಸ ಮಾಡಬೇಕು ಅನ್ನಿಸುತ್ತಿದ್ದರೆ ಈ ವಾರ ಬೇಡ. ಬೆಳಿಗ್ಗೆ ಎದ್ದು ಬಿಸಿ ಬಿಸಿಯಾಗಿ ಏನಾದರೂ ತಿಂದು ಮುಂದಿನ ಹೆಜ್ಜೆಗೆ ಬನ್ನಿ.

ಬದುಕೇ ಬೇಡ ಅನ್ನಿಸುತ್ತಿದ್ದರೆ ಮಾತ್ರ ಬೆಳಿಗ್ಗೆವರೆಗೆ ಕಾಯಬೇಡಿ. ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇದು ನಂಬಿಕೆ ಕಡಿಮೆ ಆದದ್ದರ ಗುರುತಲ್ಲ. ಎಲೀಯನಿಗೂ ದೂತ ಬಂದು ಮುಟ್ಟಬೇಕಾಯಿತು.

ಹೆಜ್ಜೆ 2: ಒಂದು ಹಾಳೆ, ಮೂರು ಸಾಲು

ಒಳಗೆ ಕಲಸಿಹೋಗಿರುವುದನ್ನು ಬೇರೆ ಬೇರೆ ಮಾಡಬೇಕು. ಒಂದು ಹಾಳೆ ತಗೊಳ್ಳಿ. ಮೊಬೈಲಲ್ಲಿ ಬೇಡ, ಪೆನ್ನಿನಲ್ಲೇ ಬರೆಯಿರಿ. "ನಾನು ಮಾಡಿದ್ದು ಏನು?" "ನಾನು ಹೆದರುತ್ತಿರುವುದು ಯಾವುದಕ್ಕೆ?" "ನನ್ನನ್ನು ಮತ್ತೆ ಮತ್ತೆ ಎಳೆಯುತ್ತಿರುವುದು ಯಾವುದು?" ಒಂದೊಂದಕ್ಕೂ ಒಂದೆರಡು ಸಾಲು ಸಾಕು.

ಮೊದಲನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಗಮನ ಇಡಿ. "ನಾನು ಕೆಟ್ಟವನು, ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅಂತ ಬಂದರೆ ಅದು ಉತ್ತರ ಅಲ್ಲ, ಮಂಜು. "ಜೂನ್‌ನಿಂದ ನವೆಂಬರ್‌ವರೆಗೆ ಸಂಘದ 11,000 ತೆಗೆದೆ" ಅನ್ನುವುದು ಉತ್ತರ. ಪವಿತ್ರಾತ್ಮನು ತಪ್ಪನ್ನು ತೋರಿಸುವಾಗ ಹೆಸರು ಹಿಡಿದು ತೋರಿಸುತ್ತಾನೆ, ತೋರಿಸಿ ಬಾಗಿಲ ಕಡೆಗೆ ಕರೆದುಕೊಂಡು ಹೋಗುತ್ತಾನೆ. ಸೈತಾನನಿಗೆ ಪ್ರಕಟನೆ ಪುಸ್ತಕ ಕೊಡುವ ಹೆಸರು ದೂರುಗಾರ. ಅವನಿಗೆ ಬೇಕಾದದ್ದು ಬರೀ ದೂರು. ಹಗಲೂ ರಾತ್ರಿ ಅದೇ. ನಮ್ಮ ಅಂಗಡಿಯ ಮಾತಿನಲ್ಲಿ ಹೇಳುವುದಾದರೆ, ಒಬ್ಬನು ಬಾಕಿ ಎಷ್ಟು ಅಂತ ಚೀಟಿ ಬರೆದುಕೊಡುತ್ತಾನೆ. ಇನ್ನೊಬ್ಬನು ಎಷ್ಟು ಅಂತ ಹೇಳುವುದೇ ಇಲ್ಲ, "ನೀನು ಸಾಲಗಾರ" ಅಂತ ಬೀದಿಯಲ್ಲಿ ಕೂಗುತ್ತಲೇ ಇರುತ್ತಾನೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡದೆ ಓದಿ. ನಿಮಗೆ ಬೇರೆ ಯಾರೋ ಮಾಡಿದ ಅನ್ಯಾಯ ಆ ಮೊದಲ ಸಾಲಿನಲ್ಲಿ ಬರಕೂಡದು. ಚಿಕ್ಕಂದಿನಲ್ಲಿ ಯಾರಾದರೂ ನಿಮ್ಮ ಮೈ ಮುಟ್ಟಿದ್ದರೆ, ಗಂಡ ಹೊಡೆಯುತ್ತಿದ್ದರೆ, ಅದು ನಿಮ್ಮ ಪಾಪ ಅಲ್ಲ. ಅದಕ್ಕೆ ಕ್ಷಮೆ ಕೇಳುತ್ತಾ ಕೂರಬೇಡಿ. ಅದಕ್ಕೆ ಬೇಕಾದದ್ದು ರಕ್ಷಣೆ. ಮಹಿಳೆಯರಿಗೆ 181, ಮಕ್ಕಳಿಗೆ 1098.

ಹಾಗೆಯೇ ಬರೀ ಆಸೆ ಮನಸ್ಸಿಗೆ ಬಂದದ್ದನ್ನೂ ಪಾಪದ ಲೆಕ್ಕಕ್ಕೆ ಹಾಕಬೇಡಿ. ಯೇಸುವಿಗೂ ಎಲ್ಲ ತರದ ಶೋಧನೆ ಬಂತು, ಪಾಪ ಮಾತ್ರ ಇರಲಿಲ್ಲ ಅಂತ ಇಬ್ರಿಯ 4:15 ಹೇಳುತ್ತದೆ. ನಲವತ್ತು ದಿನ ಉಪವಾಸ ಇದ್ದವನಿಗೆ ಕಲ್ಲು ರೊಟ್ಟಿಯಾಗಲಿ ಅನ್ನುವ ಮಾತು ಕೇಳಿ ಹೊಟ್ಟೆ ಚುರುಕ್ ಅಂದಿರದೆ ಇರುತ್ತದೆಯೇ?

ಹೆಜ್ಜೆ 3: ದೇವರ ಮುಂದೆ ಬಾಯಿಬಿಟ್ಟು ಹೇಳಿ

ಮನಸ್ಸಿನಲ್ಲೇ ಅಲ್ಲ. ಬಾಯಿಬಿಟ್ಟು. ಮನೆಯಲ್ಲಿ ಜಾಗ ಇಲ್ಲದಿದ್ದರೆ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತಾ ಹೇಳಿ. ವಾಕಿಂಗ್ ಬಂದವರು ನೀವು ಫೋನಿನಲ್ಲಿ ಮಾತಾಡುತ್ತಿದ್ದೀರಿ ಅಂದುಕೊಳ್ಳುತ್ತಾರೆ.

ಮಾತು ಬರದಿದ್ದರೆ ಕೀರ್ತನೆ 51 ತೆರೆದು ಓದಿ. ಅರಸ ದಾವೀದನು ಬತ್ಷೆಬೆಯ ವಿಷಯದಲ್ಲಿ ಬಿದ್ದು, ಅವಳ ಗಂಡನನ್ನೂ ಕೊಲ್ಲಿಸಿ, ಕೊನೆಗೆ ಪ್ರವಾದಿ ನಾತಾನನ ಕೈಲಿ ಸಿಕ್ಕಿಬಿದ್ದಾಗ ಹಾಡಿದ್ದು ಅದು. ಕೀರ್ತನೆ 32ನ್ನೂ ಓದಿ. ಪಾಪವನ್ನು ಹೇಳದೆ ಮುಚ್ಚಿಟ್ಟಾಗ ಬೇಸಿಗೆಯ ಬಿಸಿಲಿಗೆ ಬತ್ತಿದ ಹಾಗೆ ಒಳಗೆಲ್ಲ ಒಣಗಿಹೋಯಿತು ಅನ್ನುತ್ತಾನೆ ಅಲ್ಲಿ. ಏಪ್ರಿಲ್ ತಿಂಗಳಲ್ಲಿ ಚಳ್ಳಕೆರೆ ಕಡೆ ಹೋಗಿಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೇಳಿ ಮುಗಿದ ಮೇಲೆ 1 ಯೋಹಾನ 1:9ನ್ನು ಜೋರಾಗಿ ಓದಿ. ಒಪ್ಪಿಕೊಂಡರೆ ಆತನು ಕ್ಷಮಿಸುವನು ಅಂತ ಇದೆ. ಒಪ್ಪಿಕೊಂಡು ನಲವತ್ತು ದಿನ ಅತ್ತರೆ ಅಂತ ಇಲ್ಲ. ಆ ಹಾಳೆಯ ಮೊದಲ ಸಾಲಿನ ಮೇಲೆ ಗೀಟು ಎಳೆಯಿರಿ.

ಮರುದಿನ ಅದೇ ಪಾಪ ಮತ್ತೆ ನೆನಪಾಗಿ ಮತ್ತೆ ಕ್ಷಮೆ ಕೇಳಬೇಕು ಅನ್ನಿಸುತ್ತದೆ. ಆಗ ಕೇಳಬೇಡಿ. "ಸ್ತೋತ್ರ ಕರ್ತನೇ, ನೀನು ಕ್ಷಮಿಸಿದ್ದೀ" ಅನ್ನಿ, ಕೆಲಸಕ್ಕೆ ಹೋಗಿ. ಇದು ಹೇಳುವುದು ಸುಲಭ, ಮಾಡುವುದು ಕಷ್ಟ ಅಂತ ನನಗೆ ಗೊತ್ತು. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್‌ನಂಥವರೇ ಇದರಲ್ಲಿ ಒದ್ದಾಡಿದ್ದಾರೆ. 1505ರ ಜುಲೈನಲ್ಲಿ ದಾರಿಯಲ್ಲಿ ಸಿಡಿಲಿಗೆ ಹೆದರಿ ಸನ್ಯಾಸಿಯಾಗುತ್ತೇನೆ ಅಂತ ಹರಕೆ ಹೊತ್ತು ಮಠ ಸೇರಿದವರು ಅವರು. ಅಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು. ಎದ್ದು ಬಂದರೆ ಇನ್ನೊಂದು ನೆನಪಾಗುತ್ತಿತ್ತು. ಅವರ ಹಿರಿಯರಾಗಿದ್ದ ಸ್ಟೌಪಿಟ್ಸ್ ಅವರನ್ನು ಮತ್ತೆ ಮತ್ತೆ ಯೇಸುವಿನ ಗಾಯಗಳ ಕಡೆಗೆ ತಿರುಗಿಸಬೇಕಾಯಿತು, ನಿನ್ನ ಪಟ್ಟಿ ನೋಡುವುದು ಬಿಡು, ಆತನನ್ನು ನೋಡು ಅಂತ.

ಕೆಲವರಿಗೆ ಈ ಯೋಚನೆ ಒಂದು ಕಾಯಿಲೆಯ ಹಾಗೆಯೇ ಹಿಡಿದುಕೊಳ್ಳುತ್ತದೆ. ಹೊತ್ತುಗೊತ್ತಿಲ್ಲದೆ ಕೆಟ್ಟ ಯೋಚನೆ ನುಗ್ಗುತ್ತದೆ, ನೂರು ಸಲ ಕ್ಷಮೆ ಕೇಳಿದರೂ ಸಮಾಧಾನ ಇಲ್ಲ, ಪ್ರಾರ್ಥನೆಯ ಒಂದು ಪದ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕು. ನಿಮಗೆ ಹಾಗಾಗುತ್ತಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಿ. ಅದಕ್ಕೆ ಚಿಕಿತ್ಸೆ ಇದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಂಡು ಪ್ರಾರ್ಥನೆಯನ್ನೂ ಮಾಡುತ್ತೇವಲ್ಲ, ಹಾಗೇ ಇದೂ.

ಹೆಜ್ಜೆ 4: ಒಬ್ಬ ಮನುಷ್ಯನಿಗೆ ಹೇಳಿ

ಎಲ್ಲದಕ್ಕಿಂತ ಕಷ್ಟದ ಹೆಜ್ಜೆ ಇದು. ಆದರೆ ಇದನ್ನು ಬಿಟ್ಟವರು ಮತ್ತೆ ಮರದ ಹಿಂದಕ್ಕೇ ಹೋಗುತ್ತಾರೆ. ನಾನೂ ಹೋಗಿದ್ದೆ. ದೇವರಿಗೆ ಹೇಳಿದ್ದೀನಲ್ಲ, ಇನ್ನು ಮನುಷ್ಯರಿಗೆ ಯಾಕೆ ಅಂತ ಎರಡು ಸಲ ತಪ್ಪಿಸಿಕೊಂಡೆ, ಎರಡು ಸಲವೂ ಮತ್ತೆ ಆಡಿದೆ. ಯಾಕೋಬ 5:16 ಓದಿ. ಒಬ್ಬರಿಗೊಬ್ಬರು ಹೇಳಿಕೊಳ್ಳಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ, ಆಗ ಗುಣವಾಗುತ್ತದೆ ಅಂತ ಅಲ್ಲಿದೆ.

ಯಾರಿಗೆ ಹೇಳುವುದು? ಬೇರೆಯವರ ಗುಟ್ಟನ್ನು ನಿಮ್ಮ ಹತ್ತಿರ ಹೇಳುವವರಿಗೆ ಹೇಳಬೇಡಿ. "ನಿಮಗಾಗಿ ಪ್ರಾರ್ಥನೆ ಮಾಡಿಸ್ತೀನಿ" ಅಂತ ಕೂಟದಲ್ಲಿ ಎಲ್ಲರ ಮುಂದೆ ಇಡುವವರಿಗೂ ಬೇಡ. ನಮ್ಮ ಕಡೆ ಇದು ಜಾಸ್ತಿ. ಪ್ರಾರ್ಥನೆ ಹೆಸರಲ್ಲಿ ಸುದ್ದಿ ಊರೆಲ್ಲಾ ಆಗುತ್ತದೆ. ತಾನೂ ಬಿದ್ದು ಎದ್ದವರನ್ನು ಹುಡುಕಿ. ಹೆಣ್ಣುಮಕ್ಕಳು ಹೆಣ್ಣುಮಕ್ಕಳಿಗೇ ಹೇಳುವುದು ಒಳ್ಳೆಯದು. ಪಾಸ್ಟರ್ ಹತ್ತಿರ ಹೋಗುವುದಾದರೆ ಪಾಸ್ಟರಮ್ಮನೂ ಇರುವಾಗ ಹೋಗಿ. ಕಥೋಲಿಕರಾದರೆ ನಿಮಗೆ ದಾರಿ ಮೊದಲೇ ಇದೆ, ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಪರಿಚಯದ ಗುರುಗಳ ಮುಂದೆ ನಾಚಿಕೆ ಅನ್ನಿಸಿದರೆ ಪಕ್ಕದ ಹರಿಹರಕ್ಕೆ, ಆರೋಗ್ಯ ಮಾತೆಯ ದೇವಾಲಯಕ್ಕೆ ಹೋಗಿ. ಸೆಪ್ಟೆಂಬರ್ 8ರ ಹಬ್ಬದ ಗದ್ದಲ ಇಲ್ಲದ ದಿನ ನೋಡಿಕೊಳ್ಳಿ.

ನಾನು ಹೇಳಿದ್ದು ನಮ್ಮ ಸಭೆಯ ಹಿರಿಯರೊಬ್ಬರಿಗೆ. ಹತ್ತಿ ಗಿರಣಿಯಲ್ಲಿ ದುಡಿದು, ಗಿರಣಿ ಮುಚ್ಚಿದ ಮೇಲೆ ಕಷ್ಟಪಟ್ಟು ಮಕ್ಕಳನ್ನು ಓದಿಸಿದವರು. ಎಲ್ಲರೂ ಅವರನ್ನು ಅಜ್ಜ ಅಂತಲೇ ಕರೆಯುವುದು. ಒಂದು ಕಾಲದಲ್ಲಿ ತಾನು ಕುಡಿಯುತ್ತಿದ್ದೆ ಅಂತ ಸಭೆಯ ಮುಂದೆ ತಮ್ಮ ಬದುಕಿನ ಸಾಕ್ಷಿ ಹೇಳುವಾಗ ಅವರೇ ಹೇಳಿದ್ದರು, ಅದಕ್ಕೇ ಅವರ ಹತ್ತಿರ ಹೋದೆ. ಸಂಜೆ, ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ಬೆಂಚಿನ ಮೇಲೆ ಕೂತಿದ್ದೆವು. ಪೇಪರಿನಲ್ಲಿ ಕಟ್ಟಿಕೊಟ್ಟ ಮಂಡಕ್ಕಿ ನನ್ನ ಕೈಯಲ್ಲೇ ಮೆತ್ತಗಾಗುತ್ತಿತ್ತು.

"ಅಜ್ಜಾ, ಸಂಘದ ದುಡ್ಡು ನಾನು ತಿಂದಿದೀನಿ."

ಅವರು ಬಾಯಲ್ಲಿದ್ದದ್ದನ್ನು ಅಗಿದು ನುಂಗಿದರು. ನನ್ನ ಮುಖ ನೋಡಲಿಲ್ಲ.

"ಎಷ್ಟು?"

"ಹನ್ನೊಂದು ಸಾವಿರ."

"ಮನೇಲಿ ಗೊತ್ತೈತಾ?"

"ಇಲ್ಲ."

"ಮೊದ್ಲು ಮನೇಲಿ ಹೇಳು ತಮ್ಮಾ. ನಾಳೆ ಪಾಸ್ಟರ್ ಅಯ್ಯನೋರ ಹತ್ರ ಇಬ್ರೂ ಹೋಗಣ." ಆಮೇಲೆ ಅಂಗಡಿಯವನ ಕಡೆ ತಿರುಗಿ, "ಎರಡು ಟೀ ಕೊಡಪ್ಪಾ" ಅಂದರು.

ಅಷ್ಟೇ. ಆರು ತಿಂಗಳು ನಾನು ಹೆದರಿದ್ದು ಈ ಒಂದು ಗಳಿಗೆಗೆ. ಅವರು ಬೆಚ್ಚಿಬೀಳಲಿಲ್ಲ, ಬೈಬಲ್ ವಾಕ್ಯ ಎತ್ತಿ ಬಡಿಯಲಿಲ್ಲ, "ಪರವಾಗಿಲ್ಲ ಬಿಡು" ಅಂತಲೂ ಅನ್ನಲಿಲ್ಲ. ಟೀ ಕುಡಿಸಿದರು. ಮುಂದೊಂದು ದಿನ ನಿಮ್ಮ ಹತ್ತಿರ ಯಾರಾದರೂ ಹೀಗೆ ಹೇಳಿಕೊಂಡು ಬಂದರೆ ಈ ಅಜ್ಜನ ಹಾಗೆ ಇರಿ.

ಮನೆಯಲ್ಲಿ ಹೇಳಿದ್ದು ಇದಕ್ಕಿಂತ ಕಷ್ಟವಾಯಿತು. ನನ್ನ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ರೊಟ್ಟಿ ಬಡಿಸುತ್ತಾ, "ದುಡ್ಡು ಹೋದ್ರೆ ಹೋಗ್ಲಿ. ಆರು ತಿಂಗ್ಳು ನನ್ನ ಎದುರಿಗೇ ಕೂತು ನಗ್ತಾ ಉಣ್ತಿದ್ರಲ್ಲ, ಅದು ನಂಗೆ ತಡಿಯಾಕಾಗ್ತಿಲ್ಲ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕು ಅಂತ ಹೋಗಲೂಬಾರದು. ಸುಮ್ನೆ ಕೇಳಿಸಿಕೊಳ್ಳಿ. ದೇವರು ಕ್ಷಮಿಸಿದ ಅಂದ ಮಾತ್ರಕ್ಕೆ ಮನೆಯವರು ಅದೇ ಸಂಜೆ ಕ್ಷಮಿಸಬೇಕು ಅಂತ ಕೇಳುವ ಹಕ್ಕು ನಮಗಿಲ್ಲ.

ಹೆಜ್ಜೆ 5: ತಿಂದದ್ದನ್ನು ವಾಪಸ್ ಕೊಡಿ

ಸುಂಕ ವಸೂಲಿಯವನಾದ ಜಕ್ಕಾಯನು ಯೇಸು ತನ್ನ ಮನೆಗೆ ಬಂದ ಖುಷಿಯಲ್ಲಿ ಎದ್ದು ನಿಂತು, ಮೋಸ ಮಾಡಿ ತಗೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಲೂಕ 19. ಕೊಟ್ಟರೆ ಮಾತ್ರ ಮನೆಗೆ ಬರುತ್ತೇನೆ ಅಂತ ಯೇಸು ಹೇಳಿರಲಿಲ್ಲ. ಮೊದಲು ಆತ ಮನೆಗೆ ಬಂದ, ಆಮೇಲೆ ಇವನ ಕೈ ತಾನಾಗಿ ಬಿಚ್ಚಿತು. ಈ ಕ್ರಮ ತಲೆಕೆಳಗಾದರೆ ವಾಪಸ್ ಕೊಡುವುದೂ ದೇವರಿಗೆ ಲಂಚ ಕೊಟ್ಟ ಹಾಗಾಗುತ್ತದೆ.

ನಾನು ತಿಂಗಳಿಗೆ 1,000ದಂತೆ ಹನ್ನೊಂದು ತಿಂಗಳು ಕಟ್ಟಿದೆ. ಅಯ್ಯನವರು ನನ್ನನ್ನು ಖಜಾಂಚಿ ಕೆಲಸದಿಂದ ಬಿಡಿಸಿದರು. ಸರಿಯಾಗಿಯೇ ಮಾಡಿದರು. ಬಿದ್ದ ಬಾವಿಯ ದಂಡೆ ಮೇಲೇ ಮತ್ತೆ ಕೂರಿಸುವುದು ಪ್ರೀತಿ ಅಲ್ಲ. ಅಜ್ಜ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ಬರೆದುಕೊಳ್ಳುತ್ತಿದ್ದರು. ಕೊನೆಯ ತಿಂಗಳು ಸೊಟ್ಟ ಅಕ್ಷರದಲ್ಲಿ "ತೀರಿತು" ಅಂತ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ದಲಾಲಿ ಅಂಗಡಿಯಲ್ಲಿ ನಾನು ದಿನಕ್ಕೆ ಹತ್ತು ಸಲ ಬರೆಯುವ ಪದ ಅದು. ಕನ್ನಡ ಬೈಬಲಿನಲ್ಲಿ ಯೇಸು ಶಿಲುಬೆಯ ಮೇಲೆ ಹೇಳಿದ ಪದವೂ ಅದೇ, ಯೋಹಾನ 19:30. ಅಷ್ಟು ವರ್ಷ ಶುಭಶುಕ್ರವಾರ ಕೇಳಿದ್ದರೂ ಅದು ಲೆಕ್ಕದ ಪುಸ್ತಕದ ಪದ ಅಂತ ನನಗೆ ಹೊಳೆದಿರಲಿಲ್ಲ. ಸಂಘದ ಬಾಕಿಯನ್ನು ನಾನು ಕಂತಿನಲ್ಲಿ ತೀರಿಸಿದೆ. ಇನ್ನೊಂದು ಬಾಕಿಯಲ್ಲಿ ನನ್ನ ಕಂತು ಒಂದೂ ಇರಲಿಲ್ಲ.

ದುಡ್ಡಲ್ಲದ ತಪ್ಪಾದರೆ? ಸುಳ್ಳು ಹೇಳಿದ್ದರೆ ಯಾರ ಮುಂದೆ ಹೇಳಿದಿರೋ ಅವರ ಮುಂದೆಯೇ ಸರಿಪಡಿಸಿ. ನಿಮ್ಮ ಕ್ಷಮೆಯ ಮಾತಿನಿಂದ ಇನ್ನೊಬ್ಬರ ಗಾಯ ಕೆದಕಿದಂತಾಗುವುದಾದರೆ ಮೊದಲು ಆ ಹಿರಿಯರ ಹತ್ತಿರ ಕೇಳಿ, ದುಡುಕಬೇಡಿ.

ಹೆಜ್ಜೆ 6: ನಿಮ್ಮ ಕಿಂಡಿ ಯಾವುದು, ಗುರುತು ಹಿಡಿಯಿರಿ

ಚಿತ್ರದುರ್ಗದ ಕೋಟೆ ನೋಡಿದ್ದೀರಿ ಅಲ್ವಾ? ಏಳು ಸುತ್ತು ಕಲ್ಲಿನ ಗೋಡೆ. ಹೈದರಾಲಿಯ ದಂಡು ಆ ಗೋಡೆ ಒಡೆಯುವ ಬದಲು ಹುಡುಕಿದ್ದು ಬಂಡೆಗಳ ನಡುವಿನ ಒಂದು ಸಂದು. ಈಗಲೂ ಹೋಗಿ ನೋಡಬಹುದು, ಒಬ್ಬನು ಬಗ್ಗಿ ಮೈ ಹಿಂಡಿಕೊಂಡು ದಾಟಬೇಕು. ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ ನೀರಿಗೆ ಬಂದ ಓಬವ್ವನಿಗೆ ಅಲ್ಲಿ ತಲೆ ಕಂಡಿತು ಅಂತ ನಾವೆಲ್ಲ ಕೇಳಿ ಬೆಳೆದ ಕಥೆ.

ಶೋಧನೆಯೂ ಹೀಗೇ. ಇಡೀ ಬದುಕಿನ ಮೇಲೆ ಒಟ್ಟಿಗೆ ನುಗ್ಗುವುದಿಲ್ಲ. ಅದಕ್ಕೊಂದು ಕಿಂಡಿ ಇರುತ್ತದೆ, ಒಂದು ಹೊತ್ತು ಇರುತ್ತದೆ. ಹಾಳೆಯ ಮೂರನೇ ಸಾಲನ್ನು ತೆಗೆದು ಒಂದು ವಾರ ಅದರ ಕೆಳಗೆ ಬರೆಯಿರಿ: ಎಷ್ಟು ಗಂಟೆಗೆ ಬಂತು, ಎಲ್ಲಿದ್ದೆ, ಜೊತೆಗೆ ಯಾರಿದ್ದರು, ಅದಕ್ಕೆ ಮುಂಚೆ ಏನಾಗಿತ್ತು. ನನ್ನದು ರಾತ್ರಿ ಹತ್ತೂವರೆ, ಎಲ್ಲರೂ ಮಲಗಿದ ಮೇಲೆ, ಅಂಗಡಿಯಲ್ಲಿ ಬೈಸಿಕೊಂಡ ದಿನ. ಇದು ಗೊತ್ತಾದ ಮೇಲೆ ಇಡೀ ದಿನ ಹೆದರುವುದು ತಪ್ಪಿತು. ಕಾಯಬೇಕಾದದ್ದು ಬರೀ ಒಂದು ಗಂಟೆ.

ಕಿಂಡಿ ಮುಚ್ಚುವ ಕೆಲಸ ಹಗಲಲ್ಲಿ ಮಾಡಿ, ಮನಸ್ಸು ಗಟ್ಟಿ ಇರುವಾಗ. ನಾನು ಮಾಡಿದ್ದು ಇದು: ಆಟದ ಆ್ಯಪ್ ತೆಗೆದೆ. ದುಡ್ಡು ಕಳಿಸುವ ಆ್ಯಪ್ ಇರುವ ಖಾತೆಯಲ್ಲಿ 500ಕ್ಕಿಂತ ಜಾಸ್ತಿ ಇಡುವುದನ್ನು ಬಿಟ್ಟೆ. ಸಂಬಳ ಹೆಂಡತಿಯ ಖಾತೆಗೆ ಹೋಗುವ ಹಾಗೆ ಮಾಡಿದೆ. ದುಡ್ಡು ಕಟ್ಟಿ ಆಡುವ ಇಂಥ ಆಟಗಳನ್ನು ತಡೆಯಲು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನನ್ನೂ ಮಾಡಿದೆ. ಆದರೆ ಕಾನೂನು ಬಂತು ಅಂತ ಕಾವಲು ಬಿಡಬೇಡಿ. ಚಟ ಬೇರೆ ಹೆಸರಲ್ಲಿ ಬರುತ್ತದೆ. ಕುಡಿತವಾದರೆ ಆ ಅಂಗಡಿ ಇರುವ ರಸ್ತೆ ಬಿಟ್ಟು ಸುತ್ತು ಹಾಕಿ ಮನೆಗೆ ಬನ್ನಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸುವ ಮುಂಚೆ ವೈದ್ಯರನ್ನು ಕಾಣಬೇಕು, ಮೈ ನಡುಗಿ ಫಿಟ್ಸ್ ಬರುವ ಅಪಾಯ ಇರುತ್ತದೆ.

ಇಷ್ಟಾದರೂ ಅದು ಬರುತ್ತದೆ. ಬಂದಾಗ ವಾದ ಮಾಡಬೇಡಿ. ಯಜಮಾನ ಪೋಟೀಫರನ ಹೆಂಡತಿ ಬಟ್ಟೆ ಹಿಡಿದು ಹಾಸಿಗೆಗೆ ಕರೆದಾಗ ಯೋಸೇಫನು ಚರ್ಚೆಗೆ ಕೂರಲಿಲ್ಲ. ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದ. ಎದ್ದು ಆ ಕೋಣೆಯಿಂದ ಹೊರಗೆ ಬನ್ನಿ. ಮುಖ ತೊಳೆಯಿರಿ. 1 ಕೊರಿಂಥ 10:13ರಲ್ಲಿ ದೇವರು ತಪ್ಪಿಸಿಕೊಳ್ಳುವ ದಾರಿಯನ್ನೂ ಇಟ್ಟಿರುತ್ತಾನೆ ಅಂತ ಇದೆ. ಎಷ್ಟೋ ಸಲ ಆ ದಾರಿ ಅಂದರೆ ಮನೆಯ ಮುಂಬಾಗಿಲೇ.

ಓಬವ್ವನ ಕೈಯಲ್ಲಿದ್ದದ್ದು ಕತ್ತಿ ಅಲ್ಲ, ಮನೆಯ ಒನಕೆ. ನಿಮ್ಮ ಕೈಗೂ ಬಾಯಿಪಾಠ ಆದ ಒಂದೇ ಒಂದು ವಾಕ್ಯ ಸಾಕು, ಬೈಬಲ್ ಹುಡುಕಲು ಆಗ ಟೈಮ್ ಇರುವುದಿಲ್ಲ. ಆ ಕಥೆಯಲ್ಲಿ ಇನ್ನೊಂದು ಇದೆ. ಗಂಡ ಊಟ ಮುಗಿಸಿ ಬಂದವನು ನೋಡಿ ಕಹಳೆ ಊದುತ್ತಾನೆ, ಆಗ ದಂಡು ಬರುತ್ತದೆ. ಕಹಳೆ ಊದದೆ ಒಬ್ಬರೇ ಎಷ್ಟು ಹೊತ್ತು ಬಡಿಯುತ್ತೀರಿ? ನಾಲ್ಕನೇ ಹೆಜ್ಜೆಯಲ್ಲಿ ಹೇಳಿಕೊಂಡವರಿಗೆ ಆ ಹೊತ್ತಿನಲ್ಲೇ ಫೋನ್ ಮಾಡಿ. ಅಜ್ಜನಿಗೆ ನಾನು ಬರೀ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದೆ. ಅವರು ಎದ್ದು ಕೂತು ಪ್ರಾರ್ಥನೆ ಮಾಡುತ್ತಿದ್ದರು. ಮರುದಿನ ಅದರ ಬಗ್ಗೆ ಮಾತೇ ಇರುತ್ತಿರಲಿಲ್ಲ.

ಹೆಜ್ಜೆ 7: ಉಳಿದ ಭಯ

ಸಿಕ್ಕಿಬೀಳುವ ಭಯ ನಾಲ್ಕನೇ ಹೆಜ್ಜೆಯಲ್ಲೇ ಹೋಗುತ್ತದೆ. ಬಚ್ಚಿಡಲು ಏನೂ ಇಲ್ಲದವನು ಯಾರ ಫೋನ್ ಬಂದರೂ ಬೆಚ್ಚುವುದಿಲ್ಲ. ಆದರೆ ಇನ್ನೊಂದು ಭಯ ಉಳಿಯುತ್ತದೆ. ದೇವರು ಎಲ್ಲಿಂದಾದರೂ ಹೊಡೆಯುತ್ತಾನೆ ಅನ್ನುವ ಭಯ.

ನನ್ನ ಮಗಳಿಗೆ ಆ ವರ್ಷ ಡೆಂಗ್ಯೂ ಆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಪ್ಲೇಟ್‌ಲೆಟ್ ರಿಪೋರ್ಟ್ ಕಾಯುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ನನ್ನ ಪಾಪ ಮಗುವಿನ ಮೇಲೆ ಬಂತು. ಯಾರೋ ಸಂಬಂಧಿಕರು ಅದೇ ಅರ್ಥದಲ್ಲಿ ಒಂದು ಮಾತನ್ನೂ ಆಡಿದರು. ನಿಮಗೂ ಹೀಗಾದರೆ ಯೋಹಾನ 9ನ್ನು ಓದಿ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ಇದೇ ಪ್ರಶ್ನೆ, ಯಾರ ಪಾಪ, ಇವನದೋ ಅಪ್ಪ ಅಮ್ಮನದೋ? ಎರಡೂ ಅಲ್ಲ ಅಂದ ಯೇಸು. ಎರಡೂ ಅಲ್ಲ. ಡೆಂಗ್ಯೂ ಬರುವುದು ಸೊಳ್ಳೆಯಿಂದ. ಮಗಳು ವಾರದಲ್ಲಿ ಚೇತರಿಸಿಕೊಂಡಳು. ಚೇತರಿಸಿಕೊಳ್ಳದೇ ಹೋಗಿದ್ದರೂ ಆ ಮಾತು ನಿಜವೇ ಆಗಿರುತ್ತಿತ್ತು. ಇದನ್ನು ಬರೆಯಲು ನನಗೆ ಕೈ ನಡುಗುತ್ತದೆ, ಆದರೂ ಬರೆಯಬೇಕು. ಯಾಕೆಂದರೆ ಮಗು ಉಳಿಯದ ಅಪ್ಪ ಅಮ್ಮಂದಿರೂ ಇದನ್ನು ಓದುತ್ತಿರಬಹುದು. ಅದು ನಿಮ್ಮ ಪಾಪಕ್ಕೆ ಬಂದ ಶಿಕ್ಷೆ ಅಂತ ಹೇಳಿದವರ ಮಾತನ್ನು ನಂಬಬೇಡಿ.

ತಪ್ಪಿಗೆ ಅದರದೇ ಫಲ ಇರುವುದಿಲ್ಲವೇ ಅಂದರೆ, ಇರುತ್ತದೆ. ನನ್ನ ದುಡ್ಡು ಹೋಯಿತು, ಹೆಂಡತಿಯ ನಂಬಿಕೆ ವಾಪಸ್ ಬರಲು ವರ್ಷ ಹಿಡಿಯಿತು. ಅದು ಬೇರೆ. ದೇವರು ಕಾದು ಕೂತು ಸೇಡು ತೀರಿಸುತ್ತಾನೆ ಅನ್ನುವುದು ಬೇರೆ.

ಹೆಜ್ಜೆ 8: ಮತ್ತೆ ಬಿದ್ದರೆ

ನಾನು ಮತ್ತೆ ಬಿದ್ದೆ. ಕಂತು ಕಟ್ಟಲು ಶುರು ಮಾಡಿದ ನಾಲ್ಕನೇ ತಿಂಗಳಲ್ಲಿ, 300 ರೂಪಾಯಿ. ಚಿಕ್ಕ ಮೊತ್ತ, ಆದರೆ ಆ ರಾತ್ರಿಯ ಕತ್ತಲು ಮೊದಲಿಗಿಂತ ಜಾಸ್ತಿ ಅನ್ನಿಸಿತು. ಹೇಗಿದ್ದರೂ ಬಿದ್ದಾಯಿತು, ಇನ್ನು ಪೂರ್ತಿ ಆಡಿಬಿಡೋಣ ಅಂತ ಮನಸ್ಸು ಹೇಳುತ್ತದೆ. ಆ ಮಾತನ್ನು ಗುರುತು ಹಿಡಿಯಿರಿ. 300ರಲ್ಲಿ ನಿಲ್ಲಿಸಿದವನು 300 ಕಳೆದುಕೊಂಡವನು ಅಷ್ಟೇ.

ಆ ಮೊದಲ ಒಂದು ಗಂಟೆಯಲ್ಲಿ ಮಾಡಬೇಕಾದದ್ದು ಇಷ್ಟು. ಮೊಬೈಲ್ ಕೆಳಗಿಡಿ. ಹೇಳಿಕೊಂಡವರಿಗೆ ಅದೇ ದಿನ ಹೇಳಿ, ಮರುದಿನಕ್ಕೆ ಹೋದರೆ ಅದು ಮರುವಾರಕ್ಕೆ ಹೋಗುತ್ತದೆ. ಭಾನುವಾರ ಚರ್ಚ್ ತಪ್ಪಿಸಬೇಡಿ. ಈ ಮುಖ ಇಟ್ಟುಕೊಂಡು ಹೇಗೆ ಹೋಗಲಿ ಅನ್ನಿಸುವ ಭಾನುವಾರವೇ ಹೋಗಬೇಕಾದ ಭಾನುವಾರ.

ಪೇತ್ರನನ್ನು ನೆನೆಯಿರಿ. ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತಾ ಮೂರು ಸಲ "ಆತನನ್ನು ನಾನರಿಯೆ" ಅಂದವನು. ಯೇಸು ಸಾವಿನಿಂದ ಎದ್ದುಬಂದ ಮೇಲೆ ಕೆರೆಯ ದಂಡೆಯಲ್ಲಿ ಅವನಿಗೆ ಮತ್ತೆ ಸಿಕ್ಕಾಗ ಅಲ್ಲಿಯೂ ಇದ್ದಲ ಬೆಂಕಿ ಉರಿಯುತ್ತಿತ್ತು, ಮೇಲೆ ಮೀನು ಸುಡುತ್ತಿತ್ತು. ಯೋಹಾನನ ಸುವಾರ್ತೆಯಲ್ಲಿ 18:18, 21:9 ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಆ ಹೊಗೆಯ ವಾಸನೆ ಪೇತ್ರನ ಮೂಗಿಗೆ ಬಡಿದಾಗ ಅವನಿಗೆ ಏನೇನು ನೆನಪಾಗಿರಬೇಕು! ಯೇಸು ಮೊದಲು ಊಟಕ್ಕೆ ಕರೆದ. ಆಮೇಲೆ "ನನ್ನನ್ನು ಪ್ರೀತಿಸುತ್ತೀಯಾ?" ಅಂತ ಮೂರು ಸಲ ಕೇಳಿದ, ಮೂರು ಸಲವೂ ತನ್ನ ಕುರಿಗಳನ್ನು, ಅಂದರೆ ತನ್ನ ಜನರನ್ನು, ಅವನ ಕೈಗೆ ಒಪ್ಪಿಸಿದ.

300ರ ವಿಷಯ ಹೇಳಿದಾಗ ಅಜ್ಜ ಕೇಳಿದ್ದು ಒಂದೇ: "ಮೊಬೈಲು ರಾತ್ರಿ ಎಲ್ಲಿ ಇಡ್ತೀಯಾ?" ದಿಂಬಿನ ಪಕ್ಕ ಅಂದೆ. "ಅಡಿಗೆಮನೇಲಿ ಇಡು" ಅಂದರು.

ಇವತ್ತು ರಾತ್ರಿಯಿಂದ ನೀವೂ ಹಾಗೆ ಮಾಡಿ. ನನ್ನದು ಈಗಲೂ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಚಾರ್ಜ್ ಆಗುತ್ತದೆ.